ಎರಡೆರಡಲ್ಲ, ಹನ್ನೆರಡು

ಮಾನ್ಯ ಅಧ್ಯಕ್ಷರೇ, ಬಡಾವಣೆಯ ಹಿರಿಯರೇ, ಮುಂದೆ ಚಾಪೆಯ ಮೇಲೆ ಕುಳಿತಿರುವ ಮಕ್ಕಳೇ,

ನಮ್ಮ ವಾಚನಾಲಯದ ಮೂಲೆಯಲ್ಲಿರುವ ನಾಲ್ಕಡಿಯ ಮೀನಿನ ತೊಟ್ಟಿ ಯುಗಾದಿಯಿಂದ ಖಾಲಿ ಬಿದ್ದಿರುವ ಕಥೆ ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಮತ್ತೆ ಹೇಳಿ ಯಾರನ್ನೂ ನೋಯಿಸುವುದಿಲ್ಲ. ಹೊಸದಾಗಿ ಯಾವ ಮೀನು ಬಿಡಬೇಕೆಂದು ಸಮಿತಿಯವರು ಮನೆಮನೆಗೆ ಕಳಿಸಿದ್ದ ಹಾಳೆ ಈಗ ನನ್ನ ಕೈಯಲ್ಲಿದೆ. ಇದರಲ್ಲಿ ಹದಿನಾಲ್ಕು ಜಾತಿಯ ಮೀನುಗಳ ಹೆಸರಿದ್ದು, ಪ್ರತಿಯೊಂದರ ಮುಂದೆಯೂ ತಪ್ಪದೆ ‘2’ ಎಂದು ಬರೆದಿದೆ. ಇದನ್ನು ಓದಿದಾಗ ಅರಿಶಿನ ಕುಂಕುಮಕ್ಕೆ ಬಂದವರಿಗೆ ಎರಡೆರಡು ಬಾಳೆಹಣ್ಣು ಕೊಡುವ ನಮ್ಮ ಮನೆಗಳ ಲೆಕ್ಕವೇ ತೊಟ್ಟಿಗೂ ಇಳಿದಿದೆ ಎಂದು ನನಗೆ ಅನ್ನಿಸಿತು. ಬಾಳೆಹಣ್ಣು ಒಂಟಿಯಾಗಿ ಕೊಡಬಾರದೆಂಬುದು ಸರಿಯೇ. ಆದರೆ ಹಿಂಡಿನಲ್ಲೇ ಬದುಕುವ ನಿಯಾನ್ ಟೆಟ್ರಾದಂಥ ಪುಟ್ಟ ಮೀನಿಗೆ ಎರಡು ಎಂದರೂ ಒಂಟಿಯೇ, ಮೂರು ಎಂದರೂ ಒಂಟಿಯೇ. ಇವತ್ತು ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ ಆಗಿದ್ದು, ಉಳಿದದ್ದೆಲ್ಲ ಇದರ ಬಾಲ.

ಹಾಳೆ ಬರೆದವರನ್ನು ನಾನು ದೂರುವ ಹಾಗಿಲ್ಲ, ಏಕೆಂದರೆ ಇದೇ ತಪ್ಪನ್ನು ಮೊದಲು ಮಾಡಿದವನು ನಾನು. ಮದುವೆಯಾದ ಎರಡನೆಯ ವರ್ಷ, ಸರಸ್ವತೀಪುರದ ಬಾಡಿಗೆ ಮನೆಯಲ್ಲಿ, ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ, ಅಂದರೆ ಸುಮಾರು 56 ಲೀಟರ್ ನೀರು ಹಿಡಿಯುವ ಒಂದು ಗಾಜಿನ ತೊಟ್ಟಿಯನ್ನು ಇಟ್ಟೆ. “ಸಾರ್, ಎಲ್ಲದರಲ್ಲೂ ಒಂದೊಂದು ಜೊತೆ ಹಾಕ್ಬಿಡಿ, ಮನೆ ಝಗಮಗ ಅನ್ನುತ್ತೆ” ಎಂದು ಅಂಗಡಿಯವನು ಹೇಳಿದ. ನಿಯಾನ್ ಎರಡು, ಗ್ಲೋಲೈಟ್ ಟೆಟ್ರಾ ಎರಡು, ರಾಸ್ಬೋರಾ ಎರಡು, ಜೀಬ್ರಾ ಎರಡು, ಟೈಗರ್ ಬಾರ್ಬ್ ಎರಡು, ಗಪ್ಪಿ ಎರಡು, ಜೊತೆಗೆ ಪುಟ್ಟ ಏಂಜಲ್ ಎರಡು, ಒಟ್ಟು ಹದಿನಾಲ್ಕು ಮೀನು ಮನೆಗೆ ಬಂದವು. ಪ್ರಾಣಿಶಾಸ್ತ್ರದ ಮೇಷ್ಟ್ರು ತಂದ ಮೀನು ಎಂದು ಬೀದಿಯವರೆಲ್ಲ ಬಂದು ನೋಡಿ ಹೋದರು.

ನಮ್ಮತ್ತೆಯವರು ಆಗ ನಮ್ಮ ಜೊತೆಯಲ್ಲಿದ್ದು, ದಿನವೂ ಬೆಳಿಗ್ಗೆ ಕಾಫಿ ಲೋಟ ಹಿಡಿದು ತೊಟ್ಟಿಯ ಮುಂದೆ ಕುಳಿತು ಮೀನುಗಳನ್ನು ಎಣಿಸುತ್ತಿದ್ದರು. ಎರಡು ತಿಂಗಳಾಗುವ ಹೊತ್ತಿಗೆ ಎಣಿಕೆ ತಪ್ಪತೊಡಗಿತು. ಒಂದು ದಿನ ಒಂದು ನಿಯಾನ್ ಇಲ್ಲ. ಇನ್ನೊಂದು ವಾರಕ್ಕೆ ಒಂದು ಗ್ಲೋಲೈಟ್ ಇಲ್ಲ. ಆಮೇಲೆ ಗಂಡು ಗಪ್ಪಿ. “ಎಲ್ಲ ಜೋಡಿನೂ ಒಂಟಿ ಆಗ್ತಿದೆಯಲ್ಲಪ್ಪ, ಇದು ಮನೆಗೆ ಒಳ್ಳೇದಲ್ಲ” ಎಂದು ಅವರು ನನ್ನನ್ನು ಎಚ್ಚರಿಸಿದರು. ಅನುಮಾನ ಮನೆ ಮಾಲೀಕರ ಬೆಕ್ಕಿನ ಮೇಲೆ ಹೋಯಿತು. ತೊಟ್ಟಿಯ ಮುಚ್ಚಳದ ಮೇಲೆ ರುಬ್ಬುಗುಂಡು ಬಂತು. ಬೆಕ್ಕನ್ನು ಕಟ್ಟಿಹಾಕಿಕೊಳ್ಳಿ ಎಂದು ಅತ್ತೆಯವರು ಮಾಲೀಕರ ಹೆಂಡತಿಗೆ ಹೇಳಿದರು. ಬೆಕ್ಕನ್ನು ಯಾರಾದರೂ ಕಟ್ಟಿಹಾಕುತ್ತಾರೆಯೇ ಎಂದು ಅವರು ಕೇಳಿದರು. ಆ ತಿಂಗಳು ನಮಗೆ ನಲ್ಲಿ ನೀರು ಸ್ವಲ್ಪ ಸಣ್ಣಗೆ ಬಂತು. ಒಂದು ರಾತ್ರಿ ಕರೆಂಟು ಹೋದಾಗ, ಗಾಳಿ ಪಂಪು ನಿಂತಿತಲ್ಲ ಎಂದು ನಾನು ಟಾರ್ಚು ಹಿಡಿದು ನೋಡಿದರೆ, ದೇವರ ತೇರಿನ ಹಾಗೆ ಗಂಭೀರವಾಗಿ ನಿಂತಿದ್ದ ದೊಡ್ಡ ಏಂಜಲ್‌ನ ಬಾಯಿಂದ ಉಳಿದಿದ್ದ ನಿಯಾನ್‌ನ ಬಾಲ ಹೊರಗೆ ಚಾಚಿತ್ತು. ಏಂಜಲ್‌ನ ಬಾಯಿಗೆ ಹಿಡಿಯುವಷ್ಟು ಸಪೂರವಾದ ಮೀನು ಅದಕ್ಕೆ ಊಟ. ಅಮೆಜಾನ್ ಹೊಳೆಯಲ್ಲೂ ಅದು ಮಾಡುವ ಕೆಲಸ ಇದೇ. ಬೆಕ್ಕು ನಿರಪರಾಧಿ ಎಂದು ನಾನು ಬೆಳಿಗ್ಗೆ ಘೋಷಿಸಿದೆನಾದರೂ ರುಬ್ಬುಗುಂಡು ಮಾತ್ರ ನಾವು ಮನೆ ಬಿಡುವವರೆಗೆ ಮುಚ್ಚಳದ ಮೇಲೆಯೇ ಇತ್ತು.

ಈ ಪ್ರಸಂಗವನ್ನು ನಾನು ಮೂವತ್ತು ವರ್ಷ ತರಗತಿಗಳಲ್ಲಿ ಹೇಳಿದ್ದೇನೆ, ಹಳೆಯ ವಿದ್ಯಾರ್ಥಿಗಳು ಇಲ್ಲಿದ್ದರೆ ಕ್ಷಮಿಸಬೇಕು. ಏಂಜಲ್ ತಿಂದದ್ದು ಕಥೆಯ ಅರ್ಧ ಮಾತ್ರ. ಅದರ ಬಾಯಿಗೆ ಬೀಳದೆ ಉಳಿದ ಮೀನುಗಳ ಸ್ಥಿತಿಯನ್ನು ನಾನು ಆಗ ಸರಿಯಾಗಿ ಓದಿಕೊಳ್ಳಲಿಲ್ಲ. ಎರಡು ರಾಸ್ಬೋರಾಗಳು ದಿನವಿಡೀ ಗಿಡದ ಹಿಂದೆ ಅಡಗಿಕೊಂಡು, ಅಂಗಡಿಯಲ್ಲಿದ್ದ ತಾಮ್ರದ ಬಣ್ಣ ಕಳೆದುಕೊಂಡು ಸಪ್ಪಗಾಗಿದ್ದವು. ಎರಡು ಟೈಗರ್ ಬಾರ್ಬ್‌ಗಳು ಬೇರೆ ಕೆಲಸವಿಲ್ಲದೆ ಏಂಜಲ್‌ನ ಉದ್ದ ರೆಕ್ಕೆಗಳನ್ನು ಕಚ್ಚಿ ಕಚ್ಚಿ ಹರಿದ ಬಾವುಟದಂತೆ ಮಾಡಿದ್ದವು. ಬಣ್ಣಕ್ಕಾಗಿ ತಂದ ಮೀನುಗಳಲ್ಲಿ ಬಣ್ಣವೇ ಉಳಿದಿರಲಿಲ್ಲ.

ಇದಕ್ಕೆ ಕಾರಣ ಹಿಂಡಿನಲ್ಲಿದೆ. ಶೃಂಗೇರಿಯ ತುಂಗೆಯ ಮೆಟ್ಟಿಲ ಮೇಲೆ ನಿಂತು ಪುರಿ ಎರಚಿದಾಗ ದೊಡ್ಡ ಮೀನುಗಳು ಒಂದರ ಮೇಲೊಂದು ಬಿದ್ದು ಬರುವುದನ್ನು ನೀವೆಲ್ಲ ನೋಡಿದ್ದೀರಿ. ಅದು ಜಾತ್ರೆಯ ಗುಂಪು, ಅನ್ನಕ್ಕೆ ಸೇರಿದ್ದು. ರಮ್ಮಿನೋಸ್ ಟೆಟ್ರಾ ಎಂಬ ಕೆಂಪು ಮೂತಿಯ ಪುಟ್ಟ ಮೀನುಗಳು ಒಟ್ಟಿಗೆ ತಿರುಗಿ, ಒಟ್ಟಿಗೆ ನಿಂತು, ಒಟ್ಟಿಗೆ ಹೊರಡುವುದು ಕವಾಯತು. ಪ್ರತಿ ಮೀನೂ ಕಣ್ಣಿನಿಂದ ಪಕ್ಕದವನನ್ನು ನೋಡುತ್ತದೆ. ಮೈಯ ಎರಡೂ ಬದಿಗಿರುವ ಪಾರ್ಶ್ವರೇಖೆಯೆಂಬ ಅಂಗದಿಂದ ಪಕ್ಕದವನ ಚಲನೆ ನೀರಿನಲ್ಲಿ ಎಬ್ಬಿಸುವ ಒತ್ತಡವನ್ನೂ ಗ್ರಹಿಸುತ್ತದೆ. ಒಂದೇ ತೆರನಾದ ಇಪ್ಪತ್ತು ಮೈಗಳು ಮಿನುಗಿ ಚದುರಿದಾಗ ಬೇಟೆಯಾಡುವ ಮೀನಿಗೆ ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ಗುರಿ ತಪ್ಪುತ್ತದೆ. ಅದೇ ಹಿಂಡಿನಲ್ಲಿ ಒಂದು ಮೀನು ಬೇರೆಯಾಗಿ ಕಂಡರೆ ಮೊದಲು ಬಲಿಯಾಗುವುದು ಅದೇ. ಹೀಗಿರುವಾಗ ಏಳು ಬಣ್ಣದ ಏಳು ಜೊತೆಗಳನ್ನು ಒಂದು ತೊಟ್ಟಿಗೆ ಹಾಕುವುದೆಂದರೆ ಹದಿನಾಲ್ಕು ಮೀನುಗಳಿಗೂ ‘ನೀನೇ ಬೇರೆಯವನು’ ಎಂದು ದಿನವಿಡೀ ಹೇಳುತ್ತಿರುವುದಾಗಿದೆ. ಶತ್ರು ಇಲ್ಲದ ತೊಟ್ಟಿಯಲ್ಲೂ ಆ ಭಯ ಹೋಗುವುದಿಲ್ಲ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆ ನಮ್ಮಲ್ಲಿದೆ; ಹಿಂಡು ಮೀನಿನ ವಿಷಯದಲ್ಲಿ ಆ ಒಂದೇ ಮುತ್ತನ್ನು ಹತ್ತು ಸಲ ಕಟ್ಟಬೇಕಾಗುತ್ತದೆ. ಪುಸ್ತಕಗಳು ಕನಿಷ್ಠ ಆರು ಎನ್ನುತ್ತವೆ. ನಾನು ಹನ್ನೆರಡು ಎನ್ನುತ್ತೇನೆ.

ಈಗ ಬಣ್ಣಕ್ಕೆ ಬರುತ್ತೇನೆ. ಹಾಳೆಯಲ್ಲಿ ಮೊದಲ ಹೆಸರು ನಿಯಾನ್ ಟೆಟ್ರಾ ಇದೆ, ಅದು ಸಹಜವೂ ಹೌದು. ಪಶ್ಚಿಮ ಅಮೆಜಾನಿನ ಈ ಮೀನಿಗೆ ವಿಜ್ಞಾನದ ಹೆಸರು ಬಂದದ್ದು 1936ರಲ್ಲಿ. ಅದರ ಅಣ್ಣನಂತಿರುವ ಕಾರ್ಡಿನಲ್ ಟೆಟ್ರಾಕ್ಕೆ 1956ರ ಫೆಬ್ರವರಿಯಲ್ಲಿ ಎರಡು ಕಡೆಯಿಂದ ಎರಡು ಹೆಸರುಗಳು ಬಂದವು. ಒಂದು ಪ್ರಬಂಧ ಇನ್ನೊಂದಕ್ಕಿಂತ ಒಂದೇ ಒಂದು ದಿನ ಮೊದಲು ಪ್ರಕಟವಾಗಿದ್ದರಿಂದ ಅದರ ಹೆಸರೇ ಉಳಿಯಿತು. ನಮ್ಮ ಉಪನೋಂದಣಿ ಕಚೇರಿಯಲ್ಲಿ ಮಾತ್ರ ಇಂಥದ್ದು ನಡೆಯುತ್ತದೆ ಎಂದು ಯಾರೂ ತಿಳಿಯಬಾರದು. ಇವೆರಡನ್ನು ಗುರುತಿಸುವುದು ಸುಲಭ: ನಿಯಾನ್‌ನ ಕೆಂಪು ಪಟ್ಟೆ ಹೊಟ್ಟೆಯ ಮಧ್ಯದಿಂದ ಬಾಲದವರೆಗೆ ಮಾತ್ರ ಇರುತ್ತದೆ, ಕಾರ್ಡಿನಲ್‌ನದು ಮೈಯುದ್ದಕ್ಕೂ ಹರಿಯುತ್ತದೆ. ನಿಯಾನ್ ಈಗ ಬಹುಮಟ್ಟಿಗೆ ಸಾಕಣೆಯಿಂದ ಬರುತ್ತದೆ. ಕಾರ್ಡಿನಲ್ ಅನ್ನು ಬ್ರೆಜಿಲ್‌ನ ರಿಯೋ ನೀಗ್ರೋ ನದಿಯಲ್ಲಿ ಇಂದಿಗೂ ಬಲೆಬುಟ್ಟಿಯಿಂದ ಹಿಡಿಯುತ್ತಾರೆ. ಅಲ್ಲಿನ ಬಾರ್ಸೆಲೋಸ್ ಎಂಬ ಊರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಉತ್ಸವದಲ್ಲಿ ಊರೇ ಕಾರ್ಡಿನಲ್ ಪಕ್ಷ, ಡಿಸ್ಕಸ್ ಎಂಬ ಇನ್ನೊಂದು ಮೀನಿನ ಪಕ್ಷ ಎಂದು ಇಬ್ಭಾಗವಾಗಿ ಕುಣಿದು ಸ್ಪರ್ಧಿಸುತ್ತದೆ. ಆ ನದಿಯ ನೀರು ಹಾಲು ಹಾಕದ ಚಹಾದ ಬಣ್ಣದ್ದು, ಬಹಳ ಮೆದು, ಆಮ್ಲೀಯ. ಆ ಕತ್ತಲ ನೀರಿನಲ್ಲಿ ನೀಲಿಯಾಗಿ ಹೊಳೆಯುವ ಪಟ್ಟೆ ಬಣ್ಣದ ಹುಡಿಯಿಂದಾದದ್ದಲ್ಲ. ಚರ್ಮದ ಜೀವಕೋಶಗಳೊಳಗೆ ಗ್ವಾನೀನ್ ಎಂಬ ವಸ್ತುವಿನ ತೆಳು ಹರಳುಗಳು ಅಡುಕಿಟ್ಟಂತೆ ಕುಳಿತು ಬೆಳಕನ್ನು ಪ್ರತಿಫಲಿಸುತ್ತವೆ. ಕತ್ತಲಾದಾಗ ಆ ಹರಳುಗಳ ಓರೆ ಬದಲಾಗಿ ಪಟ್ಟೆ ಮಂಕಾಗುತ್ತದೆ.

ಇಲ್ಲಿ ನೀರಿನ ಮಾತು ಬರಲೇಬೇಕು. ನಮ್ಮ ಬಡಾವಣೆಗೆ ನದಿ ನೀರು ಬಾರದ ದಿನ ಕೊಳವೆಬಾವಿಯ ಗಡಸು ನೀರು ಬರುತ್ತದೆಂಬುದು ನಿಮ್ಮ ಗೀಸರುಗಳಿಗೆ ನನಗಿಂತ ಚೆನ್ನಾಗಿ ಗೊತ್ತು. ಮೀನಿಗೆ ನೀರು ಸ್ವಲ್ಪ ಗಡಸಾಗಿರುವುದಕ್ಕಿಂತ ಇವತ್ತೊಂದು ನಾಳೆಯೊಂದು ಆಗುವುದು ಕೆಟ್ಟದ್ದು. ನದಿ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು, ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ, ವಾರಕ್ಕೊಮ್ಮೆ ಕಾಲು ಭಾಗ ಬದಲಿಸುವ ವ್ಯವಸ್ಥೆ ಆಗುವುದಾದರೆ ಟೆಟ್ರಾ ತನ್ನಿ. ಆಗದಿದ್ದರೆ ಗಡಸು ನೀರನ್ನೇ ಇಷ್ಟಪಡುವ ಗಪ್ಪಿ, ಮೋಲಿಗಳಿವೆ. ಅವು ಹಿಂಡಿನ ಕವಾಯತು ಮಾಡುವುದಿಲ್ಲ, ಮರಿ ಹಾಕಿ ಹಾಕಿ ತೊಟ್ಟಿ ತುಂಬಿಸುತ್ತವೆ ಅಷ್ಟೆ.

ನನ್ನ ಮೆಚ್ಚಿನ ಮೀನು ರಮ್ಮಿನೋಸ್. ಬೆಳ್ಳಿಯ ಮೈ, ಕಪ್ಪು ಬಿಳುಪಿನ ಪಟ್ಟೆಯ ಬಾಲ, ಕುಂಕುಮದಲ್ಲಿ ಅದ್ದಿ ತೆಗೆದಂತಹ ಮೂತಿ. ನೀರು ಕೆಟ್ಟಾಗ, ಮೀನು ಬೆದರಿದಾಗ ಆ ಕುಂಕುಮ ಮಾಸುತ್ತದೆ. ನೀರು ಪರೀಕ್ಷಿಸುವ ಪಟ್ಟಿ ಕೊಳ್ಳಲು ಹಣವಿಲ್ಲದ ಸಮಿತಿಗೆ ಇದಕ್ಕಿಂತ ಒಳ್ಳೆಯ ತಪಾಸಕ ಸಿಗುವುದಿಲ್ಲ. ಸಾಲು ಬಿಡದೆ ಈಜುವುದರಲ್ಲಿ ಇದನ್ನು ಮೀರಿಸುವ ಸಿಹಿನೀರಿನ ಪುಟ್ಟ ಮೀನನ್ನು ನಾನು ಕಂಡಿಲ್ಲ. ಆದರೆ ಇದನ್ನೂ ಎರಡು ತಂದರೆ ಕೆಂಪು ಮೂತಿಯ ಎರಡು ಹೆದರುಪುಕ್ಕಲುಗಳು ಸಿಗುತ್ತವೆ. ಟೈಗರ್ ಬಾರ್ಬ್ ಬೇಕೇ ಬೇಕು ಎನ್ನುವ ಮಕ್ಕಳಿಗೆ ಹೇಳುತ್ತೇನೆ: ಅದನ್ನು ಹತ್ತು ಹನ್ನೆರಡು ತಂದರೆ ತಮ್ಮತಮ್ಮಲ್ಲೇ ಜಗಳವಾಡಿಕೊಂಡು ಬೇರೆಯವರ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ, ಆದರೂ ಉದ್ದ ರೆಕ್ಕೆಯ ಮೀನುಗಳ ಜೊತೆ ಎಂದಿಗೂ ಬೇಡ.

ಹಾಳೆಯಲ್ಲಿ ಮಿಸ್ ಕೇರಳ ಎಂಬ ಹೆಸರೂ ಇದೆ. ಕೆಂಪು ಗೆರೆ, ಕಪ್ಪು ಗೆರೆ, ಹಳದಿ ಕಪ್ಪು ಚುಕ್ಕೆಯ ಬಾಲವಿರುವ ಇದು ನಮ್ಮ ಗೆಂಡೆ ಮೀನುಗಳ ಬಳಗದ್ದು. ಫ್ರಾನ್ಸಿಸ್ ಡೇ ಎಂಬ ಮೀನುಶಾಸ್ತ್ರಜ್ಞರು 1865ರಲ್ಲಿ ಇದಕ್ಕೆ ಮದರಾಸಿನ ಗವರ್ನರ್ ಡೆನಿಸನ್ ಅವರ ಹೆಸರಿಟ್ಟರು; 2013ರಲ್ಲಿ ಇದರ ಕುಲಕ್ಕೆ ‘ಸಹ್ಯಾದ್ರಿಯಾ’ ಎಂಬ ಹೆಸರು ಬಂತು. ಕೊಡಗಿನಲ್ಲಿ ಹುಟ್ಟಿ ಸುಳ್ಯದ ಮೇಲೆ ಹರಿಯುವ ಪಯಸ್ವಿನಿ ಕಾಸರಗೋಡಿನಲ್ಲಿ ಚಂದ್ರಗಿರಿಯಾಗುತ್ತದಲ್ಲ, ಆ ನದಿ ಇದರ ನೆಲೆಗಳಲ್ಲೊಂದು. ಅಲಂಕಾರದ ಮೀನಿನ ವ್ಯಾಪಾರಕ್ಕೆಂದು ಹೊಳೆಗಳಿಂದ ಬಾಚಿ ಹಿಡಿದದ್ದರಿಂದ ಇದು ಅಳಿವಿನಂಚಿನ ಪಟ್ಟಿ ಸೇರಿದೆ. ಸಾಕಣೆಯದು ಎಂದು ಖಾತರಿಯಿಲ್ಲದೆ ಒಂದನ್ನೂ ತರಬಾರದೆಂಬುದು ನನ್ನ ನಿಲುವು. ಖಾತರಿ ಸಿಕ್ಕರೂ, ಗೇಣುದ್ದದತ್ತ ಬೆಳೆದು, ಹರಿವ ನೀರು ಕೇಳುವ ಈ ಮೀನಿನ ಹಿಂಡಿಗೆ ನಮ್ಮ ನಾಲ್ಕಡಿ ಸಾಲದು.

ಜೀಬ್ರಾ ಮೀನಿನ ಬಗ್ಗೆ ಒಂದು ಮಾತು, ಇದು ವಿಷಯಾಂತರವಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ನಮ್ಮ ಸೀಮೆಯ ಬೆಳೆ, ಮಣ್ಣು, ಜಾತಿ, ಮಗ್ಗಗಳನ್ನೆಲ್ಲ ಬರೆದುಕೊಳ್ಳುತ್ತಾ ಹೋದ ಬುಕಾನನ್ ಸಾಹೇಬರನ್ನು ಇತಿಹಾಸ ಓದಿದವರು ಬಲ್ಲಿರಿ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ತಳೆದ ಅದೇ ಮನುಷ್ಯರು 1822ರಲ್ಲಿ ಗಂಗೆಯ ಮೀನುಗಳನ್ನು ವರ್ಣಿಸುವಾಗ ಈ ನೀಲಿ ಗೆರೆಯ ಮೀನಿಗೆ ಹೆಸರಿಟ್ಟರು. ಅವರಿಗೆ ಮೀನಿನ ಚಿತ್ರ ಬರೆದುಕೊಟ್ಟ ಹಲುದಾರ್ ಎಂಬ ಬಂಗಾಳಿ ಹುಡುಗನ ಹೆಸರು ಈಗ ಪಶ್ಚಿಮ ಘಟ್ಟದ ಮೆಲನ್ ಬಾರ್ಬ್ ಎಂಬ ಮೀನಿನ ಕುಲಕ್ಕಿದೆ. ಇಂದು ಲೋಕದ ಪ್ರಯೋಗಾಲಯಗಳಲ್ಲೆಲ್ಲ ಇರುವ ಜೀಬ್ರಾ ಮೀನು ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿರುವುದರಿಂದಲೇ ನಾವು ಅದನ್ನು ಕಡೆಗಣಿಸುತ್ತೇವೆ. ಹನ್ನೆರಡು ಜೀಬ್ರಾಗಳು ಬೆಳಗಿನ ಬಿಸಿಲಿನಲ್ಲಿ ಒಟ್ಟಿಗೆ ಓಡುವುದನ್ನು ನೋಡಿದವರು ಹಾಗೆ ಮಾಡಲಾರರು.

ಬಣ್ಣ ಹಾಕಿದ ಮೀನುಗಳ ಬಗ್ಗೆ ಹೆಚ್ಚು ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಕೆರೆಗಳಲ್ಲೇ ಇರುವ ಗಾಜುಮೀನಿನ ಪಾರದರ್ಶಕ ಮೈಗೆ ಸೂಜಿಯಿಂದ ಗುಲಾಬಿ, ಹಸಿರು ಬಣ್ಣ ಚುಚ್ಚಿ ಮಾರುತ್ತಾರೆ. ಬಣ್ಣ ಕೆಲವು ತಿಂಗಳಲ್ಲಿ ಮಾಸುತ್ತದೆ, ಅನೇಕ ಮೀನುಗಳು ಅದಕ್ಕೂ ಮೊದಲೇ ಸಾಯುತ್ತವೆ. ಹಾಳೆಯ ಒಂಬತ್ತನೆಯ ಸಾಲನ್ನು ನಾನು ಹೊಡೆದು ಹಾಕಿದ್ದೇನೆ.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ತಳದ ಮೀನು, ಗಿಡ, ಸೋಸುಯಂತ್ರ ಎಂದು ಇನ್ನೂ ನಾಲ್ಕು ಅಂಶಗಳಿದ್ದವು, ಅವನ್ನು ಓಡಿಸಿಬಿಡುತ್ತೇನೆ. ಸೋಸುಯಂತ್ರ ಹಚ್ಚಿ, ಮೀನಿನ ಕಸದಿಂದ ಹುಟ್ಟುವ ಅಮೋನಿಯಾ ಎಂಬ ವಿಷವನ್ನು ಇಲ್ಲವಾಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬಿಟ್ಟು ಆಮೇಲೆ ಮೀನು ತನ್ನಿ. ಕಳೆದ ಸಲ ತೊಟ್ಟಿ ತುಂಬಿದ ಸಂಜೆಯೇ ಮೀನು ಬಿಟ್ಟೆವು. ತಂದದ್ದನ್ನು ಎರಡು ವಾರ ಬೇರೆ ಡಬ್ಬದಲ್ಲಿಟ್ಟು ನೋಡಿ. ಮುಚ್ಚಳ ಇರಲಿ, ರುಬ್ಬುಗುಂಡು ಬೇಡ. ನಮ್ಮ ತೊಟ್ಟಿ 250 ಲೀಟರಿನದು. ನನ್ನ ಪಟ್ಟಿ ಹೀಗಿದೆ: ರಮ್ಮಿನೋಸ್ ಇಪ್ಪತ್ತು, ಹಾರ್ಲೆಕ್ವಿನ್ ರಾಸ್ಬೋರಾ ಹನ್ನೆರಡು, ತಳಕ್ಕೆ ಕೊರಿಡೋರಾಸ್ ಎಂಟು. ಹದಿನಾಲ್ಕು ಜಾತಿಯ ಬದಲು ಮೂರೇ ಜಾತಿ. ಒಮ್ಮೆಲೇ ತರದೆ, ಒಂದು ಹಿಂಡು ನೆಲೆಯೂರಿದ ಮೇಲೆ ಇನ್ನೊಂದನ್ನು ತರಬೇಕು. ಏಂಜಲ್ ಇಲ್ಲ ಎಂದು ಯಾರೋ ಹಿಂದಿನ ಸಾಲಿನಲ್ಲಿ ಗೊಣಗಿದ್ದು ಕೇಳಿಸಿತು. ಕಾರಣ ಹೇಳಿಯಾಗಿದೆ.

ಮೇಜಿನ ಮೇಲೆ ಕಪ್ಪು ಬಟ್ಟೆ ಮುಚ್ಚಿದ ಪೆಟ್ಟಿಗೆಯಲ್ಲಿ ಏನಿದೆ ಎಂದು ಮಕ್ಕಳು ಆಗಿನಿಂದ ಕೇಳುತ್ತಿದ್ದಾರೆ. ನಮ್ಮ ಮನೆಯ ಹನ್ನೆರಡು ನಿಯಾನ್‌ಗಳು ಮಧ್ಯಾಹ್ನದಿಂದ ಈ ಕತ್ತಲಲ್ಲಿವೆ. ಈಗ ಬಟ್ಟೆ ತೆಗೆಯುತ್ತೇನೆ, ಇಬ್ಬಿಬ್ಬರಾಗಿ ಬನ್ನಿ, ಗಾಜು ತಟ್ಟಬೇಡಿ. ಮೊದಲು ಕಂದು ಬಣ್ಣದ ಕಡ್ಡಿಗಳ ಹಾಗೆ ಕಾಣಿಸುತ್ತವೆ. ಮೋಸ ಹೋದೆವು ಎಂದುಕೊಳ್ಳದೆ ಕೆಲವು ನಿಮಿಷ ಕಾಯಿರಿ, ನೀಲಿ ಮರಳಿ ಬರುತ್ತದೆ.