ಹಠ ಹಿಡಿದ ಬೋಲ್ಟು

ಕೇಳುಗರಿಗೆ ನಮಸ್ಕಾರ.

ಹಳೆಯ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರಿಗೆ ಈ ಸದ್ದು ಗೊತ್ತಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಹಿಂಬದಿಯಿಂದ ಒಂದು 'ಧಡ್', ಕಾಲು ತೆಗೆದಾಗ ಇನ್ನೊಂದು. ಪುಣೆಯಲ್ಲಿ 1995ರಿಂದ ಜೋಡಿಸಿ ಮಾರಿದ ಮರ್ಸಿಡಿಸ್ ಡಬ್ಲ್ಯು 124 ಕಾರನ್ನೇ ತೆಗೆದುಕೊಳ್ಳಿ. ಅದರ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ನೇರವಾಗಿ ಕಬ್ಬಿಣಕ್ಕೆ ಅಂಟಿಕೊಂಡಿಲ್ಲ. ನಡುವೆ ಬುಷ್ ಎಂಬ ದಪ್ಪ ರಬ್ಬರ್ ಬಳೆಗಳಿವೆ. ಗೇರಿನ ಗುಂಯ್‌ಗುಡುವಿಕೆ ಒಳಗೆ ಕುಳಿತವರಿಗೆ ಕೇಳದಂತೆ ತಡೆಯುವುದು ಆ ರಬ್ಬರು. ವರ್ಷಗಳು ಕಳೆದಂತೆ ಅದು ಬಿರಿಯುತ್ತದೆ, ಎಣ್ಣೆ ಕುಡಿದು ಮೆತ್ತಗಾಗುತ್ತದೆ, ಡಿಫರೆನ್ಷಿಯಲ್ ಅಲುಗಾಡತೊಡಗುತ್ತದೆ.

ಬದಲಿಗೆ ಏನು ಹಾಕಬೇಕು ಎಂಬ ಚರ್ಚೆ ದೊಡ್ಡದು. ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಬುಷ್ ಗಟ್ಟಿ, ಹೆಚ್ಚು ಕಾಲ ಬಾಳುತ್ತದೆ, ಆದರೆ ಸ್ವಲ್ಪ ಸದ್ದನ್ನು ಒಳಗೆ ಬಿಡುತ್ತದೆ. ಅಲ್ಯೂಮಿನಿಯಂ ಬುಷ್ ರೇಸಿನ ಕಾರಿಗೆ ಸರಿ. ಮನೆಮಂದಿ ಕುಳಿತು ಊರಿಗೆ ಹೋಗುವ ಕಾರಿಗೆ ಅದನ್ನು ಹಾಕಬೇಡಿ ಎಂದೇ ನಾನು ಹೇಳುತ್ತೇನೆ. ಆದರೆ ಈ ಕೆಲಸದಲ್ಲಿ ದಿನಗಟ್ಟಲೆ ಸಮಯ ತಿನ್ನುವುದು ಬುಷ್ ಅಲ್ಲ, ಅದನ್ನು ಹಿಡಿದಿರುವ ಬೋಲ್ಟು.

ಮಂಗಳೂರು, ಉಡುಪಿ, ಕಾರವಾರದ ಕಾರುಗಳ ಅಡಿಗೆ ತಲೆ ಹಾಕಿ ನೋಡಿ. ಉಪ್ಪುಗಾಳಿ, ತಿಂಗಳುಗಟ್ಟಲೆ ಮಳೆ. ಬುಷ್‌ನ ನಡುವೆ ಒಂದು ಉಕ್ಕಿನ ಕೊಳವೆ ಇರುತ್ತದೆ, ಬೋಲ್ಟು ಅದರೊಳಗೆ ಹಾದುಹೋಗುತ್ತದೆ. ನೀರು ಅಲ್ಲಿಗೆ ಇಳಿದರೆ ಹೊರಗೆ ಬರುವ ದಾರಿಯಿಲ್ಲ. ಕಬ್ಬಿಣ ತುಕ್ಕಾದಾಗ ಗಾತ್ರದಲ್ಲಿ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಉಬ್ಬಲು ಜಾಗವಿಲ್ಲದ ತುಕ್ಕು ಬೋಲ್ಟನ್ನೂ ಕೊಳವೆಯನ್ನೂ ಒಂದೇ ತುಂಡಾಗಿ ಬೆಸೆದುಬಿಡುತ್ತದೆ.

ಇಂಥ ಬೋಲ್ಟನ್ನು ಬಿಚ್ಚಲು ಮೊದಲೇ ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಎಳೆಯುವುದು ತಪ್ಪು. ಬೋಲ್ಟಿನ ತಲೆಯ ಮೇಲೆ 8.8 ಎಂದು ಬರೆದಿದ್ದರೆ, ಪ್ರತಿ ಚದರ ಮಿಲಿಮೀಟರಿಗೆ ಸುಮಾರು 640 ನ್ಯೂಟನ್ ಎಳೆತಕ್ಕೆ ಅದು ಮರಳಿ ಬಾರದಂತೆ ಹಿಗ್ಗತೊಡಗುತ್ತದೆ, 800ರ ಆಸುಪಾಸಿನಲ್ಲಿ ತುಂಡಾಗುತ್ತದೆ. ಪೈಪಿನ ತುದಿಯಲ್ಲಿ ನಿಂತವನ ಕೈಗೆ ಈ ವ್ಯತ್ಯಾಸ ತಿಳಿಯುವಷ್ಟರಲ್ಲಿ ತಲೆ ಕಳಚಿ ಬಿದ್ದಿರುತ್ತದೆ.

ಹಿಂದಿನ ದಿನವೇ ಶುರು ಮಾಡಿ. ಹೊರಗೆ ಚಾಚಿದ ಥ್ರೆಡ್‌ಗಳನ್ನು, ಎಂದರೆ ತಿರುಪಿನ ಸುತ್ತುಗಳನ್ನು, ತಂತಿಯ ಬ್ರಶ್ಶಿನಿಂದ ಉಜ್ಜಿ ಶುದ್ಧ ಮಾಡಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಡಿ, ಸಂಜೆ ಮತ್ತೆ ಎಣ್ಣೆ ಹಾಕಿ, ರಾತ್ರಿಯಿಡೀ ಬಿಡಿ. ಆ ಪೆಟ್ಟಿನಿಂದ ತುಕ್ಕಿನಲ್ಲಿ ಸಣ್ಣ ಬಿರುಕು ಬೀಳುತ್ತದೆ, ಎಣ್ಣೆ ಅಲ್ಲಿಂದ ಒಳಗೆ ನುಸುಳುತ್ತದೆ.

ಬೆಳಿಗ್ಗೆ ಕಾರನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಿ, ಡಿಫರೆನ್ಷಿಯಲ್ ಕೆಳಗೂ ಆಧಾರ ಕೊಡಿ. ಬರೀ ಜಾಕನ್ನು ನಂಬಿ ಅಡಿಗೆ ಹೋಗುವ ಮಾತೇ ಬೇಡ. ಬೋಲ್ಟಿನ ತಲೆಗೆ ಕೂರಿಸುವ ಸಾಕೆಟ್ ಆರು ಮೂಲೆಯದಾಗಿರಲಿ. ಹನ್ನೆರಡು ಮೂಲೆಯದು ತುಕ್ಕು ತಿಂದ ತಲೆಯನ್ನು ಸವೆಸಿ ಜಾರುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿಮಾಡಿ, ಆಮೇಲೆ ಸಡಿಲಿಸಿ. ಒಣ 'ಕಟ್' ಎಂಬ ಸದ್ದಿನೊಡನೆ ಕೆಂಪು ಪುಡಿ ಉದುರಿದರೆ ಬೋಲ್ಟು ಒಪ್ಪಿದೆ ಎಂದರ್ಥ. ಆಗಲೂ ಅವಸರ ಬೇಡ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಎಣ್ಣೆ ಹಾಕಿ, ಮತ್ತೆ ಬಿಚ್ಚಿ.

ಬೋಲ್ಟಿನ ತಲೆ ತಿರುಗುತ್ತದೆ, ಕೈ ಬಿಟ್ಟರೆ ಮರಳಿ ಮೊದಲ ಜಾಗಕ್ಕೇ ಬರುತ್ತದೆ ಎಂದಾದರೆ ತಿರುಗುತ್ತಿರುವುದು ಬೋಲ್ಟೊಂದೇ ಅಲ್ಲ. ಅದರೊಡನೆ ಕೊಳವೆಯೂ ತಿರುಗಿ ಸುತ್ತಲಿನ ರಬ್ಬರನ್ನು ಹಿಂಡುತ್ತಿದೆ. ಆಗ ಎಷ್ಟು ಬಲ ಹಾಕಿದರೂ ವ್ಯರ್ಥ.

ಹಿಡಿದಿರುವುದು ಕೊಳವೆಯಲ್ಲದೆ ಥ್ರೆಡ್ಡಾದರೆ ಕೆಲಸಕ್ಕೆ ಬರುವುದು ಬಿಸಿ. ಆಗ ಬೋಲ್ಟನ್ನಲ್ಲ, ನಟ್ಟನ್ನು ಕಾಯಿಸಬೇಕು. 12 ಮಿಲಿಮೀಟರಿನ ಉಕ್ಕಿನ ನಟ್ಟನ್ನು 200 ಡಿಗ್ರಿ ಹೆಚ್ಚು ಕಾಯಿಸಿದರೆ ಅದರ ರಂಧ್ರ ಸುಮಾರು 0.03 ಮಿಲಿಮೀಟರ್ ಹಿಗ್ಗುತ್ತದೆ. ತುಕ್ಕಿನ ಹಿಡಿತ ಬಿಡಲು ಅನೇಕ ಸಲ ಅಷ್ಟೇ ಸಾಕು. ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುವುದರಿಂದ ಆ ಲೋಹದ ಹೌಸಿಂಗಿನಲ್ಲಿ, ಎಂದರೆ ಹೊರಕವಚದಲ್ಲಿ, ಕೂತ ಬೋಲ್ಟು ಇನ್ನೂ ಬೇಗ ಬರುತ್ತದೆ. ಆದರೆ ಹತ್ತಿರದಲ್ಲೇ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಇರುತ್ತವೆ, ರಬ್ಬರು ಹೊತ್ತಿಕೊಳ್ಳುತ್ತದೆ, ಹಿಂದಿನ ದಿನ ಹಾಕಿದ ಎಣ್ಣೆಯೂ ಉರಿಯುತ್ತದೆ. ಪಕ್ಕದಲ್ಲಿ ಅಗ್ನಿಶಾಮಕ ಸಿಲಿಂಡರ್ ಇಲ್ಲದೆ ಗ್ಯಾಸ್ ಹಚ್ಚಬೇಡಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ತಾಗಿದ ಜಾಗವನ್ನಂತೂ ಖಂಡಿತ ಕಾಯಿಸಕೂಡದು. ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು.

ಕೊಳವೆಯೊಳಗೇ ಬೆಸೆದುಕೊಂಡ ಬೋಲ್ಟನ್ನು ಎರಡೂ ಬದಿಯಲ್ಲಿ ಗರಗಸದಿಂದ ಕೊಯ್ದು ತೆಗೆಯುವುದೇ ಲೇಸು. ಹಳೆಯ ಬುಷ್ ಹೇಗೂ ಹೋಗಬೇಕಾದದ್ದು, ಅದರೊಡನೆ ಬೋಲ್ಟೂ ಹೋಗಲಿ. ಥ್ರೆಡ್ಡಿನಲ್ಲೇ ತುಂಡಾಗಿ ಉಳಿದ ಚೂರಿಗೆ ಹೊಸ ನಟ್ಟನ್ನು ವೆಲ್ಡ್ ಮಾಡಿ ತಿರುಗಿಸುವುದು ಲೇತ್ ಅಂಗಡಿಯವರಿಗೆ ಚೆನ್ನಾಗಿ ಗೊತ್ತಿರುವ ವಿದ್ಯೆ. ಹಿಡಿಯಲು ತಲೆಯೂ ಸಿಗುತ್ತದೆ, ವೆಲ್ಡಿಂಗಿನ ಬಿಸಿಯೂ ನೆರವಾಗುತ್ತದೆ.

ಇನ್ನೊಂದು ಮಾತು. ಇದೇ ಕೈಯಲ್ಲಿ ಡಿಫರೆನ್ಷಿಯಲ್ ಎಣ್ಣೆಯನ್ನೂ ಬದಲಿಸುವುದಾದರೆ ಮೊದಲು ಬಿಚ್ಚಬೇಕಾದದ್ದು ಎಣ್ಣೆ ತುಂಬುವ ಮುಚ್ಚಳ. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನದು ಜಾಮ್ ಆಗಿದೆ ಎಂದು ತಿಳಿದರೆ ಕಾರು ನಿಂತಲ್ಲೇ ನಿಲ್ಲಬೇಕಾಗುತ್ತದೆ.

ಮರಳಿ ಹಾಕುವಾಗ ಹೊಸ ಬೋಲ್ಟುಗಳನ್ನೇ ಹಾಕಿ, ಹಳೆಯದರಷ್ಟೇ ದರ್ಜೆಯವು. ಕೊಳವೆಯೊಳಗೆ ಹೋಗುವ ನಯವಾದ ಭಾಗಕ್ಕೆ ತುಕ್ಕು ತಡೆಯುವ ಗ್ರೀಸ್ ತೆಳುವಾಗಿ ಸವರಿ. ಥ್ರೆಡ್ಡಿಗೆ ಹಚ್ಚುವುದಾದರೆ ಕೈಪಿಡಿಯಲ್ಲಿ ಒಣ ಬೋಲ್ಟಿಗೆ ಹೇಳಿದ ಬಿಗಿತವನ್ನು ಕಡಿಮೆ ಮಾಡಬೇಕು, ಇಲ್ಲವಾದರೆ ಹೊಸ ಬೋಲ್ಟೇ ಹಿಗ್ಗುತ್ತದೆ. ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿದ ಮೇಲೆ ತಲೆಯಿಂದ ಬ್ರಾಕೆಟ್‌ಗೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೆ ಅಡಿಗೆ ಹೋಗಿ ನೋಡಿ. ಗೆರೆ ಮುರಿದಿದ್ದರೆ ಬೋಲ್ಟು ತಿರುಗಿದೆ, ಮತ್ತೊಮ್ಮೆ ಬಿಗಿಯಬೇಕು.