ಗೇರ್‌ಬಾಕ್ಸ್‌ಗೆ ಜೋಡಿ ಇಲ್ಲ: ಆಸ್‌ಪ್ರೆ, ಧ್ರುವ್ ಮತ್ತು ನಮ್ಮ ಮಲೆನಾಡಿನ ಆಕಾಶ

ನಮಸ್ಕಾರ. ಶಿವಮೊಗ್ಗದ ಸುತ್ತಮುತ್ತ ನೆಲೆಸಿರೋ ಮಾಜಿ ಸೈನಿಕರು ನಾಲ್ಕು ಜನ ಒಂದೆಡೆ ಸೇರಿದರೆ, ಅದರಲ್ಲೂ ಹೆಲಿಕಾಪ್ಟರ್ ಕೆಲಸ ಮಾಡಿದವರಿದ್ದರೆ, ಒಂದು ವಾದ ಎದ್ದೇ ಏಳುತ್ತೆ: ಹೆಲಿಕಾಪ್ಟರಿನಂತೆ ಮೇಲೆದ್ದು ವಿಮಾನದಂತೆ ಹಾರೋ ಅಮೆರಿಕದ ಆಸ್‌ಪ್ರೆ ನಿಜಕ್ಕೂ ಅಪಾಯದ ಯಂತ್ರವೋ, ಸುಮ್ಮನೆ ಕೆಟ್ಟ ಹೆಸರು ಹೊತ್ತಿದೆಯೋ? ಇವತ್ತು ಆ ವಾದವನ್ನೇ ಕ್ಯಾಮೆರಾ ಮುಂದೆ ತಂದಿದ್ದೀವಿ. ಮೇಜಿನ ಸುತ್ತ ಮೂವರಿದ್ದಾರೆ. ಒಬ್ಬರು ಸೇನೆಯ ವಾಯುಯಾನ ದಳದಲ್ಲಿ ಪೈಲಟ್ ಆಗಿದ್ದ ಮೇಜರ್ ಸಾಹೇಬ್ರು. ಇನ್ನೊಬ್ಬರು ವಾಯುಪಡೆಯಲ್ಲಿ ರೋಟರ್, ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿದ ವಾರಂಟ್ ಆಫೀಸರ್. ಮೂರನೆಯವರು ಹಡಗಿನ ಡೆಕ್ ಮೇಲೆ ಹೆಲಿಕಾಪ್ಟರ್ ಇಳಿಸಿಕೊಂಡ ನೌಕಾಪಡೆಯವರು. ಇವರಲ್ಲಿ ಯಾರೂ ಆಸ್‌ಪ್ರೆ ಹಾರಿಸಿದವರಲ್ಲ, ನಮ್ಮ ಪಡೆಗಳಲ್ಲಿ ಆ ಯಂತ್ರವೇ ಇಲ್ಲ. ಆದರೆ ಅದರೊಳಗಿನ ಕ್ಲಚ್, ಪಿನಿಯನ್, ಚಿಪ್ ಡಿಟೆಕ್ಟರ್ ಇವರಿಗೆ ಹೊಸದಲ್ಲ.

ಮೊದಲು ಯಂತ್ರ. ರೆಕ್ಕೆಯ ಎರಡು ತುದಿಯಲ್ಲಿ ಒಂದೊಂದು ಎಂಜಿನ್, ಪ್ರತಿಯೊಂದಕ್ಕೂ 11.6 ಮೀಟರ್ ಅಗಲದ ಮೂರು ಬ್ಲೇಡಿನ ರೋಟರ್. ಎಂಜಿನ್ ಕೂಡಿಸಿರೋ ಗೂಡಿಗೆ ನಸೆಲ್ ಅಂತಾರೆ. ಅದು ನೆಟ್ಟಗೆ ನಿಂತರೆ ಹೆಲಿಕಾಪ್ಟರ್, ಮುಂದಕ್ಕೆ ಮಲಗಿದರೆ ವಿಮಾನ. ಇಂಥ ಯಂತ್ರಕ್ಕೆ ಟಿಲ್ಟ್‌ರೋಟರ್ ಅಂತಾರೆ. 1989ರಲ್ಲಿ ಮೊದಲು ಹಾರಿತು, 2007ರಲ್ಲಿ ಅಮೆರಿಕದ ಮರೀನ್ ಪಡೆಯ ಸೇವೆಗೆ ಬಂತು. ಈವರೆಗೆ ಅದರ ಅಪಘಾತಗಳಲ್ಲಿ 60ಕ್ಕೂ ಹೆಚ್ಚು ಜನ ಸತ್ತಿದ್ದಾರೆ.

ಇಲ್ಲಿ ಒಂದು ಲೆಕ್ಕ ಮಾಡಿಕೊಳ್ಳೋಣ, ಮುಂದಿನ ಮಾತೆಲ್ಲ ಇದರ ಮೇಲೇ ನಿಂತಿದೆ. ಯಂತ್ರದ ಪೂರ್ತಿ ತೂಕವನ್ನು ರೋಟರ್ ಸುತ್ತೋ ವೃತ್ತದ ವಿಸ್ತೀರ್ಣದಿಂದ ಭಾಗಿಸಿ. ನಮ್ಮ ಪಡೆಗಳ ಹಗುರ ಹೆಲಿಕಾಪ್ಟರ್ ಚೇತಕ್‌ಗೆ 2,200 ಕಿಲೋ, 11 ಮೀಟರ್ ರೋಟರ್: ಚದರ ಮೀಟರಿಗೆ ಸುಮಾರು 23 ಕಿಲೋ. ನಮ್ಮ ದೇಶದಲ್ಲೇ ಮಾಡಿದ ಹೆಲಿಕಾಪ್ಟರ್ ಧ್ರುವ್‌ಗೆ 5,500 ಕಿಲೋ, 13.2 ಮೀಟರ್ ರೋಟರ್: ಸುಮಾರು 40 ಕಿಲೋ. ಆಸ್‌ಪ್ರೆ ನೆಟ್ಟಗೆ ಮೇಲೇಳುವಾಗಿನ ಗರಿಷ್ಠ ತೂಕ ಸುಮಾರು 23,800 ಕಿಲೋ, ಎರಡೂ ರೋಟರ್ ಸೇರಿಸಿದರೂ ಚದರ ಮೀಟರಿಗೆ 110 ಕಿಲೋ ದಾಟುತ್ತೆ. ಇದಕ್ಕೆ ಡಿಸ್ಕ್ ಲೋಡಿಂಗ್ ಅಂತಾರೆ.

ಈ ಅಂಕಿ ಜಾಸ್ತಿ ಇದ್ದಷ್ಟೂ ಕೆಳಗೆ ದಬ್ಬೋ ಗಾಳಿ ಜೋರು. ಪೂರ್ತಿ ಭಾರ ಹೊತ್ತ ಧ್ರುವ್ ನಿಂತಲ್ಲೇ ತೇಲುವಾಗ ಲೆಕ್ಕದ ಪ್ರಕಾರ ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದ ಗಾಳಿ ಕೆಳಗೆ ಹೋಗುತ್ತೆ. ಆಸ್‌ಪ್ರೆಯಲ್ಲಿ ಅದು 150ರ ಹತ್ತಿರ. ಜೊತೆಗೆ ಅದರ ಎಂಜಿನ್ನೂ ನೆಟ್ಟಗೆ ನಿಲ್ಲೋದರಿಂದ ಬಿಸಿ ಹೊಗೆ ನೇರ ನೆಲಕ್ಕೆ. ಒಣ ಹುಲ್ಲಿಗೆ ಬೆಂಕಿ ಹತ್ತುತ್ತೆ, ಹಡಗಿನ ಡೆಕ್ಕಿಗೂ ಶಾಖದ ಪೆಟ್ಟು ಬೀಳುತ್ತೆ. ನಮ್ಮ ನೌಕಾಪಡೆಯವರಿಗೆ ಆಸ್‌ಪ್ರೆ ಬಗ್ಗೆ ಇರೋ ಮೊದಲ ತಕರಾರು ಇದೇ. ಮುಂದಿನ ಪೀಳಿಗೆಯ ಬೆಲ್ ವಿ-280ರಲ್ಲಿ ಎಂಜಿನ್ ಅಡ್ಡಲಾಗಿಯೇ ಇರುತ್ತೆ, ರೋಟರ್ ಮಾತ್ರ ತಿರುಗುತ್ತೆ. ಅದು ದೊಡ್ಡ ಸುಧಾರಣೆ ಅನ್ನೋದನ್ನ ಮೂವರೂ ಒಪ್ತಾರೆ.

ಈಗ ಎಂಜಿನ್ ನಿಂತರೆ ಏನಾಗುತ್ತೆ? ಚೇತಕ್‌ಗೆ ಇರೋದೇ ಒಂದು ಎಂಜಿನ್. ಅದು ನಿಂತ ಕೂಡಲೇ, ಒಂದೆರಡು ಸೆಕೆಂಡಿನೊಳಗೆ, ಪೈಲಟ್ ಎಡಗೈಯಲ್ಲಿರೋ ಕಲೆಕ್ಟಿವ್ ಅನ್ನೋ ಲಿವರನ್ನ ಪೂರ್ತಿ ಕೆಳಗಿಳಿಸಬೇಕು. ಆಗ ಬ್ಲೇಡಿನ ಕೋನ ಕಡಿಮೆಯಾಗಿ, ಕೆಳಗಿನಿಂದ ಬರೋ ಗಾಳಿಯೇ ರೋಟರ್ ತಿರುಗಿಸುತ್ತೆ. ಇದೇ ಆಟೋರೊಟೇಶನ್. ಹಗುರ ಹೆಲಿಕಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ 60 ನಾಟ್ (ಗಂಟೆಗೆ ಸುಮಾರು 110 ಕಿಲೋಮೀಟರ್) ಆಸುಪಾಸಿನ ವೇಗ ಹಿಡಿದು, ನಿಮಿಷಕ್ಕೆ 1,500ರಿಂದ 2,000 ಅಡಿಯಂತೆ ಇಳಿದು, ನೆಲದಿಂದ 100 ಅಡಿ ಒಳಗೆ ಮೂತಿ ಎತ್ತಿ ವೇಗ ಮುರಿದು, ಕೊನೆಯ ಹತ್ತು ಹದಿನೈದು ಅಡಿಯಲ್ಲಿ ಕಲೆಕ್ಟಿವ್ ಎಳೆದು ಕೂರಿಸ್ತಾರೆ. ಕಲೆಕ್ಟಿವ್ ಇಳಿಸೋದು ತಡವಾದರೆ ರೋಟರ್ ಆರ್‌ಪಿಎಂ, ಅಂದರೆ ಅದು ಸುತ್ತೋ ವೇಗ, ಬೀಳುತ್ತೆ. ಒಂದು ಮಟ್ಟಕ್ಕಿಂತ ಕೆಳಗೆ ಬಿದ್ದ ಆರ್‌ಪಿಎಂ ಮತ್ತೆ ಮೇಲೆ ಬರಲ್ಲ.

ಆಸ್‌ಪ್ರೆಯಲ್ಲಿ ಈ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಭಾರ ಹೆಚ್ಚು, ರೋಟರ್ ಚಿಕ್ಕದು, ಅದರಲ್ಲಿ ಕೂಡಿಟ್ಟ ಚಲನಶಕ್ತಿ ಸಾಲದು. ನಸೆಲ್ ಮೇಲಿದ್ದಾಗ, 1,600 ಅಡಿಗಿಂತ ಕೆಳಗೆ ಎರಡೂ ಎಂಜಿನ್ ಒಟ್ಟಿಗೆ ನಿಂತರೆ ಬದುಕೋದು ಕಷ್ಟ ಅಂತ ಪೆಂಟಗನ್‌ನ ಪರೀಕ್ಷಾ ವಿಭಾಗವೇ 2005ರಲ್ಲಿ ಬರೆದಿತ್ತು. ವಿಮಾನದಂತೆ ಹಾರುವಾಗ ನಿಂತರೆ ರೆಕ್ಕೆ ಇದೆ, ಜಾರಿಕೊಂಡು ಬರಬಹುದು. ಒಂದೇ ಎಂಜಿನ್ ನಿಂತರೆ ರೆಕ್ಕೆಯೊಳಗೆ ಈ ತುದಿಯಿಂದ ಆ ತುದಿಗೆ ಹಾಯ್ದಿರೋ ಶಾಫ್ಟ್ ಇದೆ, ಉಳಿದ ಎಂಜಿನ್ನೇ ಎರಡೂ ರೋಟರ್ ತಿರುಗಿಸುತ್ತೆ. ಆಲೋಚನೆ ಚೆನ್ನಾಗಿದೆ. ತೊಂದರೆ ಬಂದಿದ್ದು ಆ ಶಾಫ್ಟಿಗೂ ಎಂಜಿನ್ನಿಗೂ ನಡುವಿನ ಕ್ಲಚ್ಚಿನಿಂದ.

ಸ್ಪ್ರಾಗ್ ಕ್ಲಚ್ ಅಂದರೆ ಸೈಕಲ್ಲಿನ ಹಿಂದಿನ ಚಕ್ರದ ಫ್ರೀವೀಲ್ ಮಾಡೋ ಕೆಲಸವನ್ನೇ ಮಾಡೋದು: ಎಂಜಿನ್ ರೋಟರನ್ನ ತಿರುಗಿಸಬಹುದು, ನಿಂತುಹೋದ ಎಂಜಿನ್ ರೋಟರನ್ನ ಹಿಡಿದು ನಿಲ್ಲಿಸಬಾರದು. ಎಲ್ಲ ಹೆಲಿಕಾಪ್ಟರಿನಲ್ಲೂ ಇದು ಇರುತ್ತೆ. ಆಸ್‌ಪ್ರೆಯಲ್ಲಿ ಇದು ಸವೆದು ಒಂದು ಕ್ಷಣ ಜಾರುತ್ತೆ. ತಕ್ಷಣ ಭಾರವೆಲ್ಲ ಶಾಫ್ಟಿನ ಮೂಲಕ ಇನ್ನೊಂದು ಎಂಜಿನ್ನಿಗೆ ಹೋಗುತ್ತೆ. ಅಷ್ಟರಲ್ಲಿ ಜಾರಿದ್ದ ಕ್ಲಚ್ ಮತ್ತೆ ಗಪ್ಪನೆ ಕಚ್ಚುತ್ತೆ, ಟಾರ್ಕ್ (ತಿರುಚೋ ಬಲ) ಒಮ್ಮೆಲೇ ಏರಿ ಗೇರು, ಶಾಫ್ಟು ಮುರಿಯೋ ಮಟ್ಟಕ್ಕೆ ಹೋಗುತ್ತೆ. 2022ರ ಜೂನ್ 8ರಂದು ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಹತ್ತಿರ ಇದೇ ರೀತಿ ಎರಡೂ ಕಡೆ ಆಗಿ ಐದು ಮರೀನರು ಸತ್ತರು. ಆಮೇಲೆ ಕ್ಲಚ್ ಇರೋ ಇನ್‌ಪುಟ್ ಕ್ವಿಲ್ ಅನ್ನೋ ಭಾಗವನ್ನ 800 ಹಾರಾಟದ ಗಂಟೆಗೆ ಕಡ್ಡಾಯವಾಗಿ ಬದಲಿಸಬೇಕು ಅಂತ ಆಯಿತು. ವಾರಂಟ್ ಆಫೀಸರ್ ಇದನ್ನ ಪೂರ್ತಿ ಒಪ್ಪಲ್ಲ. ಗಂಟೆ ನೋಡಿ ಬದಲಿಸೋದು ಅಪಾಯವನ್ನ ಕಡಿಮೆ ಮಾಡುತ್ತೆ, ಯಾಕೆ ಸವೆಯುತ್ತೆ ಅನ್ನೋದಕ್ಕೆ ಉತ್ತರ ಕೊಡಲ್ಲ ಅಂತಾರೆ. ನಮಗೂ ಹಾಗೇ ಅನಿಸುತ್ತೆ.

ಈಗ ವಾರಂಟ್ ಆಫೀಸರ್ ಕೈಯಲ್ಲಿರೋದನ್ನ ಹತ್ತಿರದಿಂದ ನೋಡಿ. ಹೆಬ್ಬೆರಳಿನಷ್ಟಿರೋ ಲೋಹದ ಪ್ಲಗ್, ತುದಿಯಲ್ಲಿ ಅಯಸ್ಕಾಂತ, ನಡುವೆ ಕೂದಲೆಳೆಯಷ್ಟು ಸಂದು. ಇದೇ ಚಿಪ್ ಡಿಟೆಕ್ಟರ್. ಗೇರ್‌ಬಾಕ್ಸಿನ ಎಣ್ಣೆಯಲ್ಲಿ ಕಬ್ಬಿಣದ ಚೂರು ಬಂದರೆ ಇಲ್ಲಿಗೆ ಅಂಟುತ್ತೆ. ಸಂದು ಮುಚ್ಚಿದರೆ ಸರ್ಕ್ಯೂಟ್ ಪೂರ್ಣ, ಕಾಕ್‌ಪಿಟ್‌ನಲ್ಲಿ ದೀಪ. ಹೊಸ ಗೇರ್‌ಬಾಕ್ಸ್ ಪಳಗುವಾಗ ಸಣ್ಣ ಪುಡಿ ಬರೋದು ಸಹಜ, ಅದಕ್ಕೆ ಫಝ್ ಅಂತಾರೆ. ಕೆಲವು ಯಂತ್ರಗಳಲ್ಲಿ ಆ ಪುಡಿಯನ್ನ ವಿದ್ಯುತ್ ಹಾಯಿಸಿ ಅಲ್ಲೇ ಸುಡೋ ವ್ಯವಸ್ಥೆ ಇದೆ. ಸುಟ್ಟು ಹೋದರೆ ಪುಡಿ, ಹೋಗದಿದ್ದರೆ ಚೂರು. ನೆಲದ ಮೇಲೆ ಪ್ಲಗ್ ಬಿಚ್ಚಿ, ಬಿಳಿ ಬಟ್ಟೆಗೆ ಒರೆಸಿ, ಭೂತಗನ್ನಡಿಯಲ್ಲಿ ನೋಡ್ತಾರೆ. ಬೆರಳಿಗೆ ಮಸಿಯಂತೆ ಹತ್ತಿದರೆ ಪುಡಿ. ಹೊಳೆಯೋ ಚಪ್ಪಟೆ ಪದರ ಬಂದರೆ ಬೇರಿಂಗ್ ಅಥವಾ ಗೇರಿನ ಹಲ್ಲಿನ ಮೇಲ್ಮೈ ಕಿತ್ತು ಬರ್ತಿದೆ ಅಂತ ಅನುಮಾನ. ಎಷ್ಟು ದೊಡ್ಡ ಚೂರು ಬಂದರೆ ಗೇರ್‌ಬಾಕ್ಸ್ ಇಳಿಸಬೇಕು ಅನ್ನೋದು ಆಯಾ ಯಂತ್ರದ ಮ್ಯಾನುಯಲ್‌ನಲ್ಲಿ ಅಳತೆ ಸಮೇತ ಇರುತ್ತೆ, ಅಂದಾಜಿನ ಮಾತಿಲ್ಲ.

2023ರ ನವೆಂಬರ್ 29ರಂದು ಜಪಾನಿನ ಇವಾಕುನಿ ನೆಲೆಯಿಂದ ಕಡೇನಾ ನೆಲೆಗೆ ಹೊರಟ ಅಮೆರಿಕ ವಾಯುಪಡೆಯ ಆಸ್‌ಪ್ರೆಯಲ್ಲಿ ಎಡಗಡೆ ಗೇರ್‌ಬಾಕ್ಸಿನಿಂದ ಈ ಸೂಚನೆ ಮತ್ತೆ ಮತ್ತೆ ಬಂತು. ಸಿಬ್ಬಂದಿ ಪ್ರಯಾಣ ಮುಂದುವರಿಸಿದರು. ಕೊನೆಗೆ ಯಾಕುಶಿಮಾ ದ್ವೀಪದಲ್ಲಿ ಇಳಿಯಲು ಹೊರಟಾಗ ಪಿನಿಯನ್ ಅನ್ನೋ ಸಣ್ಣ ಗೇರ್ ಒಡೆದು, ಎಡ ರೋಟರಿಗೆ ಶಕ್ತಿ ತಪ್ಪಿ, ಕೆಲವೇ ಸೆಕೆಂಡಿನಲ್ಲಿ ಯಂತ್ರ ಮಗುಚಿತು. ಎಂಟು ಜನ ಸತ್ತರು. ಮೂರು ತಿಂಗಳು ಎಲ್ಲ ಆಸ್‌ಪ್ರೆಗಳೂ ನೆಲದ ಮೇಲೆ ನಿಂತವು.

ಇಲ್ಲಿಗೆ ಬಂದಾಗ ಮಾತು ಸ್ವಲ್ಪ ಬಿಸಿಯಾಯಿತು.

"ನೋಡಿ ಮೇಜರ್ ಸಾಹೇಬ್ರೇ, ಟಿಲ್ಟ್‌ರೋಟರ್ ಅಂದ್ರೆ ಹೀಗೇನೇ" ಅಂದರು ನೌಕಾಪಡೆಯವರು.

"ಅಲ್ಲ ರಾಯರೇ, ಟುರೋಯ್‌ನಲ್ಲಿ ಬಿದ್ದದ್ದು ಯಾವ ಟಿಲ್ಟ್‌ರೋಟರ್ ಹೇಳಿ?"

ಮೇಜರ್ ಹೇಳಿದ್ದು ಸರಿ. 2016ರ ಏಪ್ರಿಲ್ 29ರಂದು ನಾರ್ವೆಯ ಟುರೋಯ್ ದ್ವೀಪದ ಹತ್ತಿರ ಇಸಿ225 ಹೆಲಿಕಾಪ್ಟರಿನ ಗೇರ್‌ಬಾಕ್ಸ್‌ನೊಳಗಿನ ಪ್ಲಾನೆಟ್ ಗೇರ್ ಬಿರುಕು ಬಿಟ್ಟು ಒಡೆದು, ಮೇಲಿನ ರೋಟರ್ ಪೂರ್ತಿ ಕಿತ್ತುಹೋಯಿತು. 13 ಜನ ಸತ್ತರು. ಅಲ್ಲಿ ಚಿಪ್ ದೀಪವೂ ಹತ್ತಲಿಲ್ಲ, ಬಿರುಕು ಒಳಗೊಳಗೇ ಬೆಳೆದಿತ್ತು. 2009ರ ಮಾರ್ಚ್ 12ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಆಚೆ ಎಸ್-92 ಹೆಲಿಕಾಪ್ಟರಿನ ಎಣ್ಣೆ ಫಿಲ್ಟರ್ ಹಿಡಿದಿದ್ದ ಟೈಟೇನಿಯಂ ಬೋಲ್ಟ್‌ಗಳು ಮುರಿದು, ಗೇರ್‌ಬಾಕ್ಸಿನ ಎಣ್ಣೆಯೆಲ್ಲ ಸೋರಿ, 18 ಜನರಲ್ಲಿ 17 ಜನ ಹೋದರು. ಎಂಜಿನ್ ಎರಡು ಇಡಬಹುದು, ಹೈಡ್ರಾಲಿಕ್ ಮೂರು ಇಡಬಹುದು. ರೋಟರ್ ತಿರುಗಿಸೋ ಗೇರ್‌ಬಾಕ್ಸಿಗೆ ಜೋಡಿ ಇಡೋಕೆ ಆಗಲ್ಲ. ಆಸ್‌ಪ್ರೆಯಲ್ಲಿ ಎರಡಿವೆ, ಆದರೆ ಎರಡೂ ಸರಿಯಿದ್ದರೆ ಮಾತ್ರ ಯಂತ್ರ ಗಾಳಿಯಲ್ಲಿ ನಿಲ್ಲುತ್ತೆ, ಹಾಗಾಗಿ ಅಪಾಯವೇ ದುಪ್ಪಟ್ಟು. ನಮ್ಮ ಅಭಿಪ್ರಾಯ ಇಷ್ಟೇ: ಚಿಪ್ ದೀಪ ಎರಡನೇ ಸಲ ಹತ್ತಿದರೆ ಹತ್ತಿರದ ಸುರಕ್ಷಿತ ಜಾಗದಲ್ಲಿ ಇಳಿಯಬೇಕು, ಕೆಲಸ ಎಷ್ಟೇ ಮುಖ್ಯ ಇರಲಿ.

ನಮ್ಮ ಧ್ರುವ್ ಕೂಡ ಇದರಿಂದ ಹೊರಗಿಲ್ಲ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಪಡೆಯ ಧ್ರುವ್ ಬಿದ್ದು ಮೂವರು ತೀರಿಕೊಂಡ ಮೇಲೆ ಇಡೀ ಬಳಗವೇ ತಿಂಗಳುಗಟ್ಟಲೆ ನಿಂತಿತ್ತು. ತನಿಖೆಯ ಕಣ್ಣು ಹೋಗಿದ್ದು ಸ್ವಾಶ್‌ಪ್ಲೇಟ್ ಕಡೆ. ಪೈಲಟ್ಟಿನ ಕೈಯ ಚಲನೆಯನ್ನ ತಿರುಗೋ ಬ್ಲೇಡುಗಳಿಗೆ ಮುಟ್ಟಿಸೋ ಭಾಗ ಅದು. ಅದಕ್ಕೂ ಜೋಡಿ ಇಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ: ವೋರ್ಟೆಕ್ಸ್ ರಿಂಗ್ ಅನ್ನೋ ಗಾಳಿಯ ಸುಳಿಗೆ ಆಸ್‌ಪ್ರೆ ಹೆಲಿಕಾಪ್ಟರಿಗಿಂತ ಸುಲಭವಾಗಿ ಸಿಗುತ್ತೆ ಅನ್ನೋದು. ಮುಂದಕ್ಕೆ ವೇಗವಿಲ್ಲದೆ ಜೋರಾಗಿ ಕೆಳಗಿಳಿದರೆ ರೋಟರ್ ತಾನೇ ದಬ್ಬಿದ ಗಾಳಿಯೊಳಗೆ ತಾನೇ ಇಳಿಯುತ್ತೆ. ಕಲೆಕ್ಟಿವ್ ಎಳೆದಷ್ಟೂ ಬೀಳೋ ವೇಗ ಹೆಚ್ಚುತ್ತೆ. 2000ದ ಏಪ್ರಿಲ್ 8ರಂದು ಅರಿಜೋನಾದ ಮರಾನಾದಲ್ಲಿ 19 ಮರೀನರು ಸತ್ತಿದ್ದು ಹೀಗೆ. 40 ನಾಟ್‌ಗಿಂತ ಕಡಿಮೆ ವೇಗದಲ್ಲಿ ನಿಮಿಷಕ್ಕೆ 800 ಅಡಿ ಮಿತಿ, ಅವರು ಇಳೀತಿದ್ದದ್ದು 2,000 ಅಡಿ ಮೀರಿ. ನಿಜ ಹೇಳಬೇಕೆಂದರೆ ಆಸ್‌ಪ್ರೆಯ ಜೋರು ಗಾಳಿ ಇಲ್ಲಿ ಅದಕ್ಕೆ ಅನುಕೂಲವೇ, ಈ ಸುಳಿಗೆ ಸಿಗಲು ಅದು ಸಾಮಾನ್ಯ ಹೆಲಿಕಾಪ್ಟರಿಗಿಂತ ವೇಗವಾಗಿ ಇಳಿಯಬೇಕು. ಆದರೆ ಸಿಕ್ಕಾಗ ಒಂದು ಬದಿಯ ರೋಟರ್ ಮೊದಲು ಸಿಗುತ್ತೆ, ಯಂತ್ರ ಪಕ್ಕಕ್ಕೆ ಮಗುಚುತ್ತೆ. ಹೆಲಿಕಾಪ್ಟರ್ ಆದರೆ ಬರೀ ಕುಸಿಯುತ್ತೆ, ಸೈಕ್ಲಿಕ್ (ಬಲಗೈಯ ಕೋಲು) ಮುಂದೆ ತಳ್ಳಿ ಹೊರಬರಲು ಎತ್ತರ ಇದ್ದರೆ ಸಾಕು. ಆಸ್‌ಪ್ರೆಯಲ್ಲಿ ನಸೆಲ್ ಮುಂದಕ್ಕೆ ಬಾಗಿಸಿದರೆ ಹೊರಬರುತ್ತೆ.

ಇನ್ನು ನಮ್ಮೂರಿನ ವಿಷಯ. ಮಲೆನಾಡಿನಲ್ಲಿ ಹೆಲಿಕಾಪ್ಟರಿಗೆ ಕಾಟ ಕೊಡೋದು ಮೂರು: ಸೆಖೆ, ಮೋಡ, ತಂತಿ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್, ಅಂದರೆ 1,870 ಅಡಿ. ಆ ಎತ್ತರಕ್ಕೆ ಪೈಲಟ್ಟರು ಲೆಕ್ಕಕ್ಕೆ ಹಿಡಿಯೋ ಮಾದರಿ ತಾಪಮಾನ 11 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 37 ಡಿಗ್ರಿ ಇದ್ದರೆ ವ್ಯತ್ಯಾಸ 26. ಡಿಗ್ರಿಗೆ 120 ಅಡಿಯಂತೆ ಸೇರಿಸಿ. ಸೆಖೆಗೆ ಗಾಳಿ ತೆಳುವಾಗೋದರಿಂದ, ಯಂತ್ರದ ಪಾಲಿಗೆ ನೀವು ನಿಂತಿರೋದು ಸುಮಾರು 5,000 ಅಡಿ ಎತ್ತರದಲ್ಲಿ. ಕೊಡಚಾದ್ರಿಯ 1,343 ಮೀಟರಿಗೆ 26 ಡಿಗ್ರಿಯ ದಿನ ಇದೇ ಲೆಕ್ಕ ಮಾಡಿದರೆ 6,700 ಅಡಿ ದಾಟುತ್ತೆ. ಅದೂ ಅಲ್ಲದೆ ಶಿಖರದಲ್ಲಿ ಸಮತಟ್ಟು ಜಾಗ ಇರಲ್ಲ. ಸಮ ನೆಲದ ಮೇಲೆ ರೋಟರ್ ಅಗಲದಷ್ಟು ಎತ್ತರದೊಳಗೆ ಇದ್ದರೆ ನೆಲದ ಆಸರೆ ಸಿಕ್ಕಿ ಕಡಿಮೆ ಶಕ್ತಿ ಸಾಕು. ಇಳಿಜಾರಿನಲ್ಲಿ, ಎತ್ತರದ ಹುಲ್ಲಿನ ಮೇಲೆ ಆ ಆಸರೆ ಹೆಚ್ಚಾಗಿ ಇಲ್ಲವೇ ಇಲ್ಲ. ಹೊರಡೋ ಮೊದಲೇ ಆಸರೆಯಿಲ್ಲದ ಹೋವರ್‌ಗೆ, ಅಂದರೆ ನಿಂತಲ್ಲೇ ತೇಲೋದಕ್ಕೆ, ಎಷ್ಟು ತೂಕ ಅಂತ ಚಾರ್ಟ್ ನೋಡಿ, ಇಂಧನವನ್ನೋ ಜನರನ್ನೋ ಕಡಿಮೆ ಮಾಡಬೇಕು.

ಮೋಡದ ವಿಷಯಕ್ಕೆ ಕೂನೂರಿನ ಉದಾಹರಣೆ ಸಾಕು. 2021ರ ಡಿಸೆಂಬರ್ 8ರಂದು ಜನರಲ್ ಬಿಪಿನ್ ರಾವತ್ ಸೇರಿ 14 ಜನರನ್ನ ಕಳೆದುಕೊಂಡ ಮಿ-17ರಲ್ಲಿ ಯಾಂತ್ರಿಕ ದೋಷ ಇರಲಿಲ್ಲ ಅಂತ ತನಿಖೆ ಹೇಳಿತು. ಕಣಿವೆಯಲ್ಲಿ ಹವೆ ಏಕಾಏಕಿ ಬದಲಾಗಿ, ಯಂತ್ರ ಮೋಡದೊಳಗೆ ಹೋಗಿ, ದಿಕ್ಕಿನ ಅರಿವು ತಪ್ಪಿ, ಸರಿಯಾಗಿ ಹಾರ್ತಿದ್ದ ಹೆಲಿಕಾಪ್ಟರ್ ಗುಡ್ಡಕ್ಕೆ ಬಡಿಯಿತು. ಪಶ್ಚಿಮಘಟ್ಟದ ಅದೇ ಮೋಡ ಆಗುಂಬೆಯಲ್ಲೂ, ಹುಲಿಕಲ್ಲಿನಲ್ಲೂ ಕ್ಷಣದಲ್ಲಿ ಏರಿ ಬರುತ್ತೆ. ಹಾಗಾಗಿ ಮುಂದಿನ ಗುಡ್ಡ ಮಸುಕಾಗತೊಡಗಿದಾಗಲೇ ತಿರುಗಬೇಕು, ಪೂರ್ತಿ ಮರೆಯಾಗೋವರೆಗೆ ಕಾಯಬಾರದು. ಒಳಗೆ ಸಿಕ್ಕೇಬಿಟ್ಟರೆ ಹೊರಗೆ ನೋಡೋದು ಬಿಟ್ಟು, ಉಪಕರಣ ನಂಬಿ, ಮಟ್ಟಸ ಇಟ್ಟು, ನೇರ ಮೇಲಕ್ಕೆ. ಕೊಡಚಾದ್ರಿ ಸುತ್ತ ಅಂದರೆ ಕಡಿಮೆಯೆಂದರೂ 6,400 ಅಡಿ: ಶಿಖರದ 4,400ರ ಮೇಲೆ ಇನ್ನೆರಡು ಸಾವಿರ.

ತಂತಿಗೆ ಒಂದೇ ನಿಯಮ. ಶರಾವತಿಯಿಂದ ಹೊರಡೋ 220 ಕೆವಿ ಲೈನುಗಳು ಕಣಿವೆಯಿಂದ ಕಣಿವೆಗೆ ಜೋತಿವೆ, ತಂತಿ ಕಾಣಲ್ಲ, ಟವರ್ ಕಾಣುತ್ತೆ. ದಾಟೋದಾದರೆ ಟವರಿನ ನೆತ್ತಿಯ ಮೇಲೆಯೇ ದಾಟಬೇಕು.

ಹಾಗಾದರೆ ಮಲೆನಾಡಿಗೆ ಟಿಲ್ಟ್‌ರೋಟರ್ ಬೇಕಾ? ಬೇಡ ಅನ್ನೋದು ಮೂವರ ಒಮ್ಮತ. ಶಿವಮೊಗ್ಗದಿಂದ ಬೆಂಗಳೂರಿಗೆ ಆಕಾಶಮಾರ್ಗ ಸುಮಾರು 250 ಕಿಲೋಮೀಟರ್. ಧ್ರುವ್‌ಗೆ ಒಂದು ಗಂಟೆ, ಆಸ್‌ಪ್ರೆಗೆ ಸುಮಾರು 35 ನಿಮಿಷ. ಆ 25 ನಿಮಿಷಕ್ಕಾಗಿ ಅಡಿಕೆ ತೋಟದ ಪಕ್ಕದ ಶಾಲಾ ಮೈದಾನದಲ್ಲಿ ಇಳಿಯೋ ಅನುಕೂಲ ಬಿಟ್ಟುಕೊಡಬೇಕು. 2023ರಿಂದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಇದೆ, ದೂರದ ಓಟಕ್ಕೆ ಅಲ್ಲಿಂದ ವಿಮಾನವೇ ಹೋಗಬಹುದು. ಟಿಲ್ಟ್‌ರೋಟರ್ ಸಾರ್ಥಕವಾಗೋದು ಸಮುದ್ರದ ಮೇಲೆ, ನೂರಾರು ಕಿಲೋಮೀಟರ್ ರನ್‌ವೇ ಇಲ್ಲದ ಕಡೆ.

ಕೊನೆಯದಾಗಿ, ನೆರೆ ಬಂದಾಗ ಊರಿನ ಮೈದಾನದಲ್ಲಿ ಹೆಲಿಕಾಪ್ಟರ್ ಇಳಿಸೋ ಪ್ರಸಂಗ ಬಂದರೆ. ಧ್ರುವ್ ಸುಮಾರು 16 ಮೀಟರ್ ಉದ್ದ, ಅದರ ಎರಡರಷ್ಟು, ಅಂದರೆ ಕಡಿಮೆಯೆಂದರೂ 32 ಮೀಟರ್ ಚೌಕ ಖಾಲಿ ಮಾಡಿ. ಒಣ ಮಣ್ಣಿದ್ದರೆ ನೀರು ಹೊಡೆಯಿರಿ, ಧೂಳೆದ್ದರೆ ಪೈಲಟ್ಟಿಗೆ ನೆಲವೇ ಕಾಣಲ್ಲ. ಅಡಿಕೆ ಒಣಗಿಸೋ ತಾಡಪಾಲು, ಹಾಳೆ, ಸೋಗೆ, ಸಡಿಲ ಶೀಟು ಎಲ್ಲ ಹೊರಗೆ. ತಾಡಪಾಲು ರೋಟರಿಗೆ ಸಿಕ್ಕರೆ ಅಪಘಾತ ಖಚಿತ. ಪಕ್ಕದ ಕರೆಂಟ್ ಕಂಬ ಯಾವ ದಿಕ್ಕಿಗಿದೆ ಅಂತ ಫೋನಲ್ಲೇ ಮೊದಲು ಹೇಳಿ. ಹತ್ತಿರ ಹೋಗೋದು ಸಿಬ್ಬಂದಿ ಕೈಸನ್ನೆ ಮಾಡಿದ ಮೇಲಷ್ಟೇ, ಪೈಲಟ್ಟಿಗೆ ಕಾಣೋ ಹಾಗೆ. ಇಳಿಜಾರಿದ್ದರೆ ಯಾವಾಗಲೂ ತಗ್ಗಿನ ಕಡೆಯಿಂದ, ದಿಬ್ಬದ ಕಡೆ ಬ್ಲೇಡು ತಲೆಯ ಎತ್ತರಕ್ಕೇ ಬರುತ್ತೆ. ಧ್ರುವ್‌ನಲ್ಲಿ ಸ್ಟ್ರೆಚರ್ ಹಿಂದಿನ ಜೋಡಿ ಬಾಗಿಲಿಂದ ಹೋಗುತ್ತೆ, ಅಲ್ಲಿಗೂ ಅವರು ಕರೆದಾಗಲೇ ಹೋಗಿ, ಬಾಲದ ರೋಟರ್ ಕಡೆ ಸುಳಿಯಬೇಡಿ. ರೋಗಿಗೆ ಡ್ರಿಪ್ ಹಾಕಿದ್ದರೆ ಬಾಟಲಿಯನ್ನ ಎತ್ತಿ ಹಿಡಿಯಬೇಡಿ, ಸ್ಟ್ರೆಚರ್ ಮೇಲೇ ಮಲಗಿಸಿ, ಕೊಡೆ ಮಡಚಿ, ತಲೆಯ ಮೇಲಿನ ಟೋಪಿ, ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳಿ.