ಹೊರಗಿನ ಎಸಿ ಯೂನಿಟ್ಟಿಗೆ ಉಸಿರಾಡಲು ಬಿಡಿ

ಕೇಳುಗರಿಗೆ ನಮಸ್ಕಾರ.

ಎಸಿ ಸರಿಯಾಗಿ ತಂಪು ಮಾಡುತ್ತಿಲ್ಲ ಅಂದ ಕೂಡಲೇ ನಾವು ನೋಡುವುದು ಕೋಣೆಯೊಳಗಿನ ಯೂನಿಟ್ಟನ್ನು. ಫಿಲ್ಟರ್ ಬಿಚ್ಚಿ ತೊಳೆಯುತ್ತೇವೆ. ಒಳ್ಳೆಯದೇ. ಆದರೆ ಹೊರಗೆ ಬಿಸಿಲು, ದೂಳಲ್ಲಿ ನಿಂತಿರುವ ಇನ್ನೊಂದು ಪೆಟ್ಟಿಗೆ ಇದೆ ಅಲ್ವಾ? ಎಸಿಯ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಇರುವುದು ಅಲ್ಲಿ. ಕರೆಂಟಿನ ಬಹುಪಾಲು ಖರ್ಚಾಗುವುದೂ ಅಲ್ಲೇ.

ಕೋಣೆಯ ಶಾಖವನ್ನೆಲ್ಲ ಗಾಳಿಗೆ ಬಿಡುವುದು ಆ ಪೆಟ್ಟಿಗೆಯ ಕೆಲಸ. ಅದರ ಹಿಂಬದಿಯಲ್ಲಿ, ಕೋಣೆಯ ಶಾಖ ಹೊತ್ತು ತರುವ ಬಿಸಿ ಗ್ಯಾಸ್ ಹರಿಯುವ ಕೊಳವೆಗಳಿವೆ. ಅವುಗಳ ಸುತ್ತ ಕಾಗದದಷ್ಟು ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳು ಒತ್ತಾಗಿ ನಿಂತಿರುತ್ತವೆ. ಫ್ಯಾನು ಹಿಂದಿನಿಂದ ಗಾಳಿ ಎಳೆದುಕೊಂಡು ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ದೂಳು ಕೂರುವುದೂ ಹಿಂದೆಯೇ. ಮುಂದಿನಿಂದ ನೋಡಿದರೆ ಯೂನಿಟ್ ಚೊಕ್ಕವಾಗಿಯೇ ಕಾಣುತ್ತದೆ. ಟಾರ್ಚ್ ಹಿಡಿದು ಹಿಂದೆ ಇಣುಕಿ ನೋಡಿ. ದೂಳು, ಕೂದಲು, ತರಗೆಲೆಯ ಚೂರು ಸೇರಿ ಬೂದು ಬಣ್ಣದ ಕಂಬಳಿ ಹೊದಿಸಿದ ಹಾಗೆ ಇರುತ್ತದೆ.

ಗಾಳಿ ಆಡದಿದ್ದರೆ ಶಾಖ ಹೊರಗೆ ಹೋಗುವುದಿಲ್ಲ. ಒಳಗೆ ಗ್ಯಾಸಿನ ಒತ್ತಡ ಏರುತ್ತದೆ, ಕಂಪ್ರೆಸರ್ ಜಾಸ್ತಿ ಕರೆಂಟು ಎಳೆಯುತ್ತದೆ, ತಂಪು ಮಾತ್ರ ಕಡಿಮೆಯಾಗುತ್ತದೆ. ಸುಡುಬಿಸಿಲಿನ ದಿನ ತನ್ನಷ್ಟಕ್ಕೆ ಆಫ್ ಆಗಿಬಿಡುವುದೂ ಉಂಟು.

ತೊಳೆಯುವುದು ಕಷ್ಟವೇನಲ್ಲ. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು, ಎಸಿಗೆ ಬರುವ ಕರೆಂಟನ್ನೇ ಕಡಿಯುವ ಸ್ವಿಚ್ಚನ್ನು, ಅಂದರೆ ಎಂಸಿಬಿಯನ್ನೇ ಇಳಿಸಿ. ಪೈಪಿನ ನೀರನ್ನು ಮೆಲ್ಲಗೆ, ರೆಕ್ಕೆಗಳ ಉದ್ದಕ್ಕೆ ಮೇಲಿನಿಂದ ಕೆಳಗೆ ಬಿಡಿ. ವೈರಿಂಗ್ ಇರುವ ಬದಿಗೆ ನೀರು ಹಾರಿಸಬೇಡಿ. ವಾಹನ ತೊಳೆಯುವ ಜೋರು ನೀರಂತೂ ಬೇಡವೇ ಬೇಡ. ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಯೂನಿಟ್ ಎತ್ತರದಲ್ಲಿ ಗೋಡೆಗೆ ನೇತಾಡುತ್ತಿದ್ದರೆ ನೀವು ಹತ್ತಬೇಡಿ, ಮೆಕ್ಯಾನಿಕ್ಕನ್ನು ಕರೆಸಿ.

ಸುತ್ತ ಜಾಗವೂ ಬೇಕು. ಚೆನ್ನಾಗಿ ಕಾಣಲಿ ಅಂತ ಯೂನಿಟ್ಟಿಗೆ ಪೆಟ್ಟಿಗೆ ಕಟ್ಟಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳಬೇಕು. ಹಿಂದೆ ಸುಮಾರು 30 ಸೆಂಟಿಮೀಟರ್, ಮುಂದೆ ಕನಿಷ್ಠ 60 ಸೆಂಟಿಮೀಟರ್ ಬಿಡಿ. ಕೈಪಿಡಿ ಇನ್ನೂ ಜಾಸ್ತಿ ಕೇಳಿದರೆ ಅಷ್ಟು ಬಿಡಲೇಬೇಕು. ನೆರಳು ಒಳ್ಳೆಯದೇ, ಗಾಳಿಗೆ ಅಡ್ಡ ಬರದಿದ್ದರೆ.

ಕೊನೆಗೆ ಗ್ಯಾಸಿನ ಮಾತು. "ವರ್ಷಾ ವರ್ಷಾ ಗ್ಯಾಸ್ ತುಂಬಿಸಬೇಕು" ಅನ್ನುವವರಿದ್ದಾರೆ. ನಂಬಬೇಡಿ. ಗ್ಯಾಸ್ ಮುಚ್ಚಿದ ಕೊಳವೆಯಲ್ಲೇ ಸುತ್ತುತ್ತದೆ, ಸವೆಯುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಕೊಳವೆ ಕೂಡುವ ನಟ್ಟಿನ ಸುತ್ತ ಎಣ್ಣೆ ಜಿಡ್ಡು ಇದೆಯಾ ನೋಡಿ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಹೊರಬರುವುದರಿಂದ ಸೋರಿಕೆಯ ಗುರುತು ಅಲ್ಲಿ ಉಳಿಯುತ್ತದೆ. ಮೊದಲು ಯೂನಿಟ್ ತೊಳೆಸಿ. ಆಮೇಲೂ ತಂಪು ಬರದಿದ್ದರೆ ಸೋರಿಕೆ ಹುಡುಕಿಸಿ, ಮುಚ್ಚಿಸಿ, ಆಮೇಲಷ್ಟೇ ಗ್ಯಾಸ್ ಹಾಕಿಸಿ.

ನಮಸ್ಕಾರ.